ಸ್ತನ ಉಳಿಸುವುದೋ, ತೆಗೆಸುವುದೋ: ಬಗಲಿನ ಲೆಕ್ಕವನ್ನೂ ಸೇರಿಸಿ

ಸ್ತನ ಕ್ಯಾನ್ಸರ್ ಇದೆ, ಆದರೆ ಇನ್ನೂ ಆರಂಭದ ಹಂತ ಎಂದು ವರದಿ ಬಂದ ಮನೆಯಲ್ಲಿ ವಾದವೆಲ್ಲ ಒಂದೇ ವಿಷಯದ ಸುತ್ತ ತಿರುಗುತ್ತದೆ: ಗಂಟಷ್ಟೇ ತೆಗೆಸಬೇಕೋ, ಎದೆ ಪೂರ್ತಿ ತೆಗೆಸಬೇಕೋ. ಗಂಡ ಒಂದು ಹೇಳುತ್ತಾನೆ, ಬೆಂಗಳೂರಿನಲ್ಲಿರುವ ಮಗ ಇನ್ನೊಂದು, ರಾಣೆಬೆನ್ನೂರಿನ ಅಣ್ಣ ಮತ್ತೊಂದು. ಬಗಲಿನಲ್ಲಿ ಏನು ಮಾಡುತ್ತಾರೆ ಎಂದು ಕೇಳುವವರು ಮಾತ್ರ ಯಾರೂ ಇರುವುದಿಲ್ಲ. ನಾನು ಹುಬ್ಬಳ್ಳಿಯಲ್ಲಿ ಸರ್ಜರಿ ವಾರ್ಡಿನ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಆಪರೇಷನ್ ಆಗಿ ವರ್ಷ ಕಳೆದ ಮೇಲೆ ತೋರಿಸಲು ಬಂದ ಹೆಂಗಸರು ಎದೆಯ ಬಗ್ಗೆ ಹೇಳಿಕೊಂಡದ್ದಕ್ಕಿಂತ ಕೈಯ ಬಗ್ಗೆ ಹೇಳಿಕೊಂಡದ್ದೇ ಹೆಚ್ಚು. ಕೈ ಬಾವು, ತೋಳಿನ ಒಳಬದಿಗೆ ಜೋಮು, ರೊಟ್ಟಿ ಬಡಿಯುವಾಗ ಭುಜ ಹಿಡಿದುಕೊಳ್ಳುವುದು. ಹಾಗಾಗಿ ಇಲ್ಲಿ ಎದೆಯ ಆಯ್ಕೆಯ ಜೊತೆಗೆ ಬಗಲಿನ ಆಯ್ಕೆಯನ್ನೂ ಇಟ್ಟು ತೂಗಿದ್ದೇನೆ.

ಆರಂಭದ ಹಂತ ಅಂದರೆ ಒಂದನೇ ಮತ್ತು ಎರಡನೇ ಹಂತ. ಗಂಟು ಹೆಚ್ಚಾಗಿ ಐದು ಸೆಂಟಿಮೀಟರಿನ ಒಳಗಿರುತ್ತದೆ. ಬಗಲಿನ ಗ್ರಂಥಿಗಳಿಗೆ, ಅಂದರೆ ಎದೆ, ಕೈಗಳಿಂದ ಬರುವ ದುಗ್ಧರಸವನ್ನು ಸೋಸುವ ಕಾಳಿನಂಥವಕ್ಕೆ, ರೋಗ ಹೋಗಿರುವುದಿಲ್ಲ, ಹೋಗಿದ್ದರೂ ಕೆಲವಕ್ಕಷ್ಟೇ. ಲಿವರ್, ಎಲುಬು, ಪುಪ್ಪುಸ ಮುಟ್ಟಿರುವುದಿಲ್ಲ. ಚರ್ಮ ಒಡೆದು ಹುಣ್ಣಾದವರ, ಗಂಟು ಎದೆಗೂಡಿಗೆ ಕಚ್ಚಿಕೊಂಡವರ ಚಿಕಿತ್ಸೆಯ ಕ್ರಮವೇ ಬೇರೆ, ಅದನ್ನು ಇಲ್ಲಿ ಬೆರೆಸುವುದಿಲ್ಲ.

ಮೊದಲು ಸೂಜಿ, ಆಮೇಲೆ ಚಾಕು

ಯಾವ ಆಪರೇಷನ್ ಎಂಬ ಮಾತಿಗೆ ಬರುವ ಮುನ್ನ ಫೈಲಿನಲ್ಲಿ ಮೂರು ಕಾಗದ ಇರಬೇಕು. ಎರಡೂ ಎದೆಗಳ ಮ್ಯಾಮೊಗ್ರಾಂ, ಜೊತೆಗೆ ಬಗಲನ್ನೂ ನೋಡಿದ ಸ್ಕ್ಯಾನಿಂಗ್. ದಪ್ಪ ಸೂಜಿ ಹಾಕಿ ಚೂರು ತೆಗೆದು ಮಾಡಿದ ಬಯಾಪ್ಸಿ, ಅಂದರೆ ಡಾಕ್ಟರುಗಳು ಟ್ರೂಕಟ್ ಅನ್ನುವುದು. ಅದೇ ಚೂರಿನ ಮೇಲೆ ಮಾಡಿದ ಇಆರ್, ಪಿಆರ್ (ಗಂಟು ಹೆಣ್ಣಿನ ಹಾರ್ಮೋನಿನಿಂದ ಬೆಳೆಯುವಂಥದ್ದೇ ಎಂದು ತಿಳಿಸುವವು), ಹರ್-2 (ಗಂಟನ್ನು ಬೇಗ ಬೆಳೆಸುವ ಪ್ರೋಟೀನ್ ಹೆಚ್ಚಿದೆಯೇ ಎಂದು ತಿಳಿಸುವುದು) ಪರೀಕ್ಷೆಗಳ ವರದಿ. ಈ ಮೂರನೆಯದು ಬರಲು ಒಂದಿಷ್ಟು ದಿನ ಹಿಡಿಯುತ್ತದೆ, ಅದಕ್ಕೇ ಜನ ಕಾಯುವುದಿಲ್ಲ. ಆದರೆ ಆಪರೇಷನ್ ಮೊದಲೋ ಕಿಮೋ ಮೊದಲೋ ಎಂದು ತೀರ್ಮಾನಿಸುವುದೇ ಆ ವರದಿ.

ನಮ್ಮ ಕಡೆ ಇನ್ನೂ ನಡೆಯುವ ಒಂದು ಅನ್ಯಾಯವನ್ನು ಹೇಳದೆ ಮುಂದೆ ಹೋಗಲಾರೆ. ತಾಲ್ಲೂಕಿನ ಸಣ್ಣ ಆಸ್ಪತ್ರೆಯೊಂದರಲ್ಲಿ 'ಬರೇ ಗಡ್ಡಿ ಐತಿ, ತಗದ ಬಿಡೂಣ' ಎಂದು ಬಯಾಪ್ಸಿ ಇಲ್ಲದೆ ಕತ್ತರಿಸಿ ಹೊಲಿಗೆ ಹಾಕಿ ಕಳಿಸುತ್ತಾರೆ. ತೆಗೆದ ಗಡ್ಡೆಯನ್ನು ಕೆಲವೊಮ್ಮೆ ಬರೀ ನೀರಿನಲ್ಲೋ ಸಲೈನಿನಲ್ಲೋ ಹಾಕಿ ಮನೆಯವರ ಕೈಗೆ ಕೊಡುತ್ತಾರೆ. ಆ ಡಬ್ಬಿ ಹಿಡಿದುಕೊಂಡು ಹುಬ್ಬಳ್ಳಿಗೆ ಬಂದಾಗ ಗಡ್ಡೆ ಕೊಳೆತಿರುತ್ತದೆ, ಮಾಂಸ ಕೆಡದಂತೆ ಕಾಯುವ ಫಾರ್ಮಲಿನ್ ದ್ರವವನ್ನು ಕಂಡೇ ಇರುವುದಿಲ್ಲ. ಮೂಲ ಗಂಟು ಎಷ್ಟು ದೊಡ್ಡದಿತ್ತು, ಅಂಚಿನಲ್ಲಿ ರೋಗ ಉಳಿದಿದೆಯೋ, ಯಾವುದೂ ತಿಳಿಯುವುದಿಲ್ಲ. ಎದೆ ಉಳಿಸಬಹುದಾಗಿದ್ದ ಎಷ್ಟೋ ಹೆಂಗಸರಿಗೆ ಆ ಅವಕಾಶ ಅಲ್ಲೇ ಕೈತಪ್ಪುತ್ತದೆ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಪರೀಕ್ಷೆ ಇಲ್ಲದೆ ಹಾಕಿದ ಚಾಕುವಿನಿಂದ ಆಗುವ ನಷ್ಟ ಮಾತ್ರ ನಿಜ.

ವರದಿಗಳಿಗಾಗಿ, ಇನ್ನೊಬ್ಬ ಡಾಕ್ಟರರನ್ನು ಕೇಳುವುದಕ್ಕಾಗಿ ಎರಡು ಮೂರು ವಾರ ಹೋದರೆ ಗಾಬರಿ ಬೇಡ. ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ತಿಂಗಳುಗಟ್ಟಲೆ ಮುಂದೂಡಬೇಡಿ.

ಜೀವದ ಮಟ್ಟಿಗೆ ಎರಡೂ ಸಮ

'ಪೂರಾ ತಗಸಿಬಿಟ್ರ ಚಿಂತಿನ ಇಲ್ಲ' ಎಂಬ ಮಾತನ್ನು ಒಬ್ಬರಲ್ಲ, ಎಲ್ಲರೂ ಹೇಳುತ್ತಾರೆ. ಹೊಲದ ಕರಿಕೆಯಂತೆ ಬೇರುಸಮೇತ ಕಿತ್ತರೆ ಮತ್ತೆ ಹುಟ್ಟುವುದಿಲ್ಲ ಎಂಬ ತಿಳಿವಳಿಕೆ ಅದು. ನೂರು ವರ್ಷದ ಹಿಂದೆ ಡಾಕ್ಟರುಗಳೂ ಹಾಗೆಯೇ ನಂಬಿದ್ದರು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಆಪರೇಷನ್ನಿನಲ್ಲಿ ಎದೆ, ಅದರ ಕೆಳಗಿನ ಸ್ನಾಯು, ಬಗಲಿನ ಗ್ರಂಥಿ ಎಲ್ಲವನ್ನೂ ತೆಗೆದು ಪಕ್ಕೆಲುಬು ಕಾಣುವಂತೆ ಮಾಡುತ್ತಿದ್ದರು. ದಶಕಗಳ ಕಾಲ ಜಗತ್ತೆಲ್ಲ ಅದನ್ನೇ ಮಾಡಿತು.

1970ರ ದಶಕದಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಉಂಬರ್ಟೋ ವೆರೊನೆಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಇದನ್ನು ಒರೆಗೆ ಹಚ್ಚಿದರು. ವೆರೊನೆಸಿ ಎರಡು ಸೆಂಟಿಮೀಟರಿಗಿಂತ ದೊಡ್ಡದಲ್ಲದ ಗಂಟಿದ್ದ 701 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಾಲ್‌ಸ್ಟೆಡ್ ಆಪರೇಷನ್, ಇನ್ನೊಂದಕ್ಕೆ ಗಂಟಿರುವ ಭಾಗವನ್ನಷ್ಟೇ ತೆಗೆದು ರೇಡಿಯೇಷನ್. ಇಪ್ಪತ್ತು ವರ್ಷದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಎಲ್ಲ ಕಾರಣಗಳಿಂದಾದ ಸಾವು ಎರಡೂ ಗುಂಪಿನಲ್ಲಿ ಶೇ. 41ರ ಆಸುಪಾಸಿನಲ್ಲೇ ಇತ್ತು. ವ್ಯತ್ಯಾಸ ಇದ್ದದ್ದು ಒಂದೇ ಕಡೆ: ಅದೇ ಜಾಗದಲ್ಲಿ ರೋಗ ಮರಳಿದ್ದು ಉಳಿಸಿಕೊಂಡವರಲ್ಲಿ ಶೇ. 8.8, ಪೂರ್ತಿ ತೆಗೆಸಿಕೊಂಡವರಲ್ಲಿ ಶೇ. 2.3. ಹಾಗೆ ಮರಳಿದವರಿಗೆ ಮತ್ತೆ ಆಪರೇಷನ್ ಬೇಕಾಯಿತು, ಆದರೆ ಒಟ್ಟಾರೆ ಆಯುಷ್ಯದಲ್ಲಿ ವ್ಯತ್ಯಾಸವಾಗಲಿಲ್ಲ.

ಫಿಶರ್ ಅವರ ಅಧ್ಯಯನದಲ್ಲಿ ನಾಲ್ಕು ಸೆಂಟಿಮೀಟರಿನವರೆಗಿನ ಗಂಟಿನವರೂ ಇದ್ದರು, ಮತ್ತು ನಮ್ಮ ಊರಿನ ಮಟ್ಟಿಗೆ ಬಹಳ ಮುಖ್ಯವಾದ ಒಂದು ಅಂಶ ಅದರಲ್ಲಿದೆ. ಗಂಟು ತೆಗೆಸಿಕೊಂಡು ರೇಡಿಯೇಷನ್ ಪಡೆಯದವರಲ್ಲಿ ಇಪ್ಪತ್ತು ವರ್ಷದಲ್ಲಿ ಶೇ. 39 ಮಂದಿಗೆ ಅದೇ ಎದೆಯಲ್ಲಿ ರೋಗ ಮರಳಿತು, ಪಡೆದವರಲ್ಲಿ ಶೇ. 14 ಮಂದಿಗೆ. ಇವು ಹಳೆಯ ಕಾಲದ ಔಷಧಿಗಳ ಅಂಕಿಗಳು, ಇಂದಿನ ಮಾತ್ರೆ, ಕಿಮೋ ಸೇರಿದರೆ ಎರಡೂ ಇನ್ನಷ್ಟು ಕಡಿಮೆಯಾಗುತ್ತವೆ. ಆದರೂ ನಡುವಿನ ಅಂತರ ನೋಡಿ. ಉಳಿಸಿಕೊಂಡವರು ರೇಡಿಯೇಷನ್ ತಪ್ಪಿಸಿದರೆ ಲೆಕ್ಕವೇ ಕೆಡುತ್ತದೆ.

ಪೂರ್ತಿ ತೆಗೆದರೂ ಜೀವದ ಲೆಕ್ಕ ಯಾಕೆ ಬದಲಾಗಲಿಲ್ಲ? ಸ್ತನ ಕ್ಯಾನ್ಸರಿನಿಂದ ಸಾವು ಬರುವುದು ಎದೆಯಲ್ಲಿ ಉಳಿದ ರೋಗದಿಂದಲ್ಲ, ರಕ್ತದ ಜೊತೆ ಮೊದಲೇ ಹೊರಟುಹೋದ ಕಣಗಳಿಂದ. ಅವನ್ನು ಹಿಡಿಯುವುದು ಕಿಮೋ, ಹಾರ್ಮೋನ್ ತಡೆಯುವ ಟಮಾಕ್ಸಿಫೆನ್‌ನಂಥ ಮಾತ್ರೆ, ಹರ್-2 ಇದ್ದವರಿಗೆ ಟ್ರಾಸ್ಟುಜುಮಾಬ್. ಎದೆ ಪೂರ್ತಿ ತೆಗೆಸಿದರೆ ಕಿಮೋ ತಪ್ಪುತ್ತದೆ ಎಂಬುದೂ ತಪ್ಪು. ಕಿಮೋ ಬೇಕೋ ಬೇಡವೋ ಎಂಬುದನ್ನು ಗಂಟಿನ ಗುಣ ನಿರ್ಧರಿಸುತ್ತದೆ, ಆಪರೇಷನ್ನಿನ ಗಾತ್ರವಲ್ಲ.

ಗಂಟಷ್ಟೇ ತೆಗೆಸಿದರೆ

ಗಂಟನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಮಾಂಸದ ಸಮೇತ ತೆಗೆಯುತ್ತಾರೆ. ಒಂದೆರಡು ದಿನದಲ್ಲಿ ಮನೆಗೆ ಹೋಗಬಹುದು. ತೆಗೆದ ತುಂಡಿನ ಹೊರಮೈಗೆ ಪ್ರಯೋಗಾಲಯದಲ್ಲಿ ಶಾಯಿ ಬಳಿದು ನೋಡುತ್ತಾರೆ. ಶಾಯಿಯ ಗೆರೆಯನ್ನು ಕ್ಯಾನ್ಸರ್ ಕಣ ಮುಟ್ಟಿರದಿದ್ದರೆ ಸಾಕು ಎಂಬುದು 2014ರಿಂದ ಒಪ್ಪಿತವಾದ ನಿಯಮ. ಮುಟ್ಟಿದ್ದರೆ ಅಂಚನ್ನು ಮತ್ತೆ ತೆಗೆಯಲು ಎರಡನೇ ಆಪರೇಷನ್ ಬೇಕಾಗುತ್ತದೆ. ಈ ಸಾಧ್ಯತೆಯನ್ನು ಮೊದಲೇ ಮನೆಯವರಿಗೆ ಹೇಳಿಟ್ಟುಕೊಳ್ಳಿ. ಇಲ್ಲದಿದ್ದರೆ 'ಮೊದಲ ಆಪರೇಷನ್ ಕೆಡಿಸಿದ್ರು' ಎಂಬ ರಗಳೆ ಶುರುವಾಗುತ್ತದೆ.

ಆಮೇಲೆ ಕರೆಂಟ್, ಅಂದರೆ ರೇಡಿಯೇಷನ್. ಹಿಂದೆ ಐದು ವಾರ, ಅದರ ಮೇಲೆ ಮತ್ತೊಂದು ವಾರ ಕೊಡುತ್ತಿದ್ದರು. ಈಗ ಮೂರು ವಾರ, ಹದಿನೈದು ಸಿಟ್ಟಿಂಗ್ ಸಾಮಾನ್ಯ. ವಯಸ್ಸು ಕಡಿಮೆ ಇದ್ದವರಿಗೆ ಗಂಟಿದ್ದ ಜಾಗಕ್ಕೆ ಇನ್ನೂ ಕೆಲವು ಸಿಟ್ಟಿಂಗ್ ಸೇರಿಸುತ್ತಾರೆ. ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನ 2020ರಲ್ಲಿ ಬಂದ ಮೇಲೆ ಒಂದೇ ವಾರದಲ್ಲಿ ಐದು ಸಿಟ್ಟಿಂಗಿಗೆ ಮುಗಿಸುವ ಪದ್ಧತಿಯೂ ಇದೆ, ಎಲ್ಲರಿಗೂ ಅದು ಹೊಂದುವುದಿಲ್ಲ. ಸೋಮವಾರದಿಂದ ಶುಕ್ರವಾರ ದಿನಾ ಬರಬೇಕು. ಮೇಜಿನ ಮೇಲೆ ಮಲಗಿ ಯಂತ್ರ ತಿರುಗಿ ಮುಗಿಯುವುದಕ್ಕೆ ಕೆಲವು ನಿಮಿಷ ಸಾಕು. ನೋವಿಲ್ಲ, ಕೂದಲು ಉದುರುವುದಿಲ್ಲ, ಮಕ್ಕಳನ್ನು ಎತ್ತಿಕೊಂಡರೆ ಅವರಿಗೇನೂ ಆಗುವುದಿಲ್ಲ. ಚರ್ಮ ಕಪ್ಪಾಗುತ್ತದೆ, ದಣಿವಾಗುತ್ತದೆ, ಎದೆಯ ಕೆಳಗಿನ ಮಡಿಕೆಯಲ್ಲಿ ಕೆಲವರಿಗೆ ಸಿಪ್ಪೆ ಏಳುತ್ತದೆ. ಗಂಟು ಎಡಗಡೆ ಇದ್ದರೆ ಹೃದಯಕ್ಕೆ ಕಿರಣ ತಾಗದಂತೆ ಉಸಿರು ಹಿಡಿಸಿ ಕೊಡುವ ವಿಧಾನ ಇದೆಯೇ ಎಂದು ಕೇಳಿ.

ಯಾರಿಗೆ ಇದು ಆಗುವುದಿಲ್ಲ? ಎದೆಯ ಬೇರೆ ಬೇರೆ ಭಾಗದಲ್ಲಿ ಹರಡಿದಂತೆ ಗಂಟುಗಳಿದ್ದರೆ, ಮ್ಯಾಮೊಗ್ರಾಮಿನಲ್ಲಿ ಅನುಮಾನದ ಸುಣ್ಣದ ಕಣಗಳು ಎದೆ ತುಂಬ ಚೆಲ್ಲಿದ್ದರೆ, ಎದೆಯ ಗಾತ್ರಕ್ಕೆ ಗಂಟು ತೀರ ದೊಡ್ಡದಾಗಿದ್ದರೆ, ಮೊದಲೇ ಆ ಭಾಗಕ್ಕೆ ರೇಡಿಯೇಷನ್ ಆಗಿದ್ದರೆ ಪೂರ್ತಿ ತೆಗೆಯುವುದೇ ಸರಿ. ಬಸುರಿಯರಿಗೆ ರೇಡಿಯೇಷನ್ ಕೊಡುವಂತಿಲ್ಲ, ಹಾಗಾಗಿ ಮೊದಲ ತಿಂಗಳುಗಳಲ್ಲಿ ರೋಗ ಸಿಕ್ಕಿದರೆ ಲೆಕ್ಕಾಚಾರ ಬೇರೆ.

ಕರೆಂಟಿನ ನಿಯಮಕ್ಕೆ ಒಂದು ವಿನಾಯಿತಿ ಉಂಟು, ನಮ್ಮ ಅಜ್ಜಿಯರಿಗೆ ಅದು ಉಪಯೋಗಕ್ಕೆ ಬರುವಂಥದ್ದು. ವಯಸ್ಸು ಎಪ್ಪತ್ತರ ಹತ್ತಿರ ಅಥವಾ ಅದಕ್ಕೂ ಮೇಲೆ, ಗಂಟು ಸಣ್ಣದು, ಇಆರ್ ಪಾಸಿಟಿವ್, ಬಗಲು ಶುದ್ಧ, ಐದು ವರ್ಷ ಮಾತ್ರೆ ತಪ್ಪದೆ ನುಂಗುತ್ತಾರೆ ಎಂಬ ಭರವಸೆ ಇದೆ. ಇಂಥವರಲ್ಲಿ ಕರೆಂಟ್ ಬಿಟ್ಟರೂ ಆಯುಷ್ಯಕ್ಕೆ ಕುತ್ತು ಬರಲಿಲ್ಲ ಎಂದು ಅಮೆರಿಕ, ಬ್ರಿಟನ್ನಿನ ಎರಡು ಅಧ್ಯಯನಗಳು ತೋರಿಸಿವೆ. ಹತ್ತು ವರ್ಷದಲ್ಲಿ ಅದೇ ಎದೆಯಲ್ಲಿ ಮರಳುವುದು ನೂರಕ್ಕೆ ಹತ್ತರ ಹತ್ತಿರ, ಕರೆಂಟ್ ಕೊಟ್ಟರೆ ಒಂದೆರಡು. 'ಮುದುಕಿ ಐತಿ, ಪೂರಾ ತಗದಬಿಡ್ರಿ' ಅನ್ನುವ ಮೊದಲು ಈ ದಾರಿ ಕೇಳಿ ನೋಡಿ. ಸಣ್ಣ ಆಪರೇಷನ್, ಮಾತ್ರೆ, ಅಷ್ಟೇ.

ಪೂರ್ತಿ ತೆಗೆಸಿದರೆ

ಮೊಲೆತೊಟ್ಟು ಸಮೇತ ಎದೆ ಪೂರ್ತಿ ಹೋಗುತ್ತದೆ, ಹಾಲ್‌ಸ್ಟೆಡ್ ತೆಗೆಯುತ್ತಿದ್ದ ಸ್ನಾಯು ಉಳಿಯುತ್ತದೆ. ಹೊಲಿಗೆಯ ಪಕ್ಕದಲ್ಲಿ ಒಂದೋ ಎರಡೋ ಡ್ರೇನ್ ನಳಿಗೆ ಇರುತ್ತದೆ, ಅದರ ತುದಿಗೆ ಒತ್ತಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ. ಮನೆಗೆ ಹೋದ ಮೇಲೂ ವಾರ ಹತ್ತು ದಿನ ಅದು ಜೊತೆಗಿರುತ್ತದೆ. ನಮ್ಮ ವಾರ್ಡಿನ ಹೆಂಗಸರು ಹಳೇ ಸೀರೆಯ ಅಂಚಿನಿಂದ ಲಾಡಿ ಮಾಡಿ, ಸಣ್ಣ ಚೀಲದಲ್ಲಿ ಡಬ್ಬಿ ಇಟ್ಟು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಸೆರಗಿನ ಕೆಳಗೆ ಯಾರಿಗೂ ಕಾಣುತ್ತಿರಲಿಲ್ಲ, ಎದ್ದಾಗ ನಳಿಗೆ ಜಗ್ಗುತ್ತಲೂ ಇರಲಿಲ್ಲ. ದಿನಾ ಒಂದೇ ಹೊತ್ತಿಗೆ ಡಬ್ಬಿಯಲ್ಲಿ ಸೇರಿದ ನೀರಿನ ಅಳತೆ ಬರೆದಿಡಬೇಕು. ದಿನಕ್ಕೆ 30 ಮಿಲಿಲೀಟರಿಗಿಂತ ಕಡಿಮೆ ಆದ ಮೇಲೆ ತೆಗೆಯುವುದು ರೂಢಿ. ಡ್ರೇನ್ ತೆಗೆದ ಮೇಲೆ ಚರ್ಮದ ಕೆಳಗೆ ನೀರು ತುಂಬಿ ಉಬ್ಬಿದರೆ ಹೆದರಬೇಡಿ, ಸೂಜಿಯಿಂದ ತೆಗೆಯುತ್ತಾರೆ. ಜ್ವರ, ಕೆಂಪು, ಕೀವು ಕಂಡರೆ ಮಾತ್ರ ಅಂದೇ ಬನ್ನಿ.

ಕರೆಂಟ್ ತಪ್ಪಿಸಲೆಂದೇ ಪೂರ್ತಿ ತೆಗೆಸುವವರು ಬಹಳ. ಆರಂಭದ ಹಂತದಲ್ಲಿ ಹೆಚ್ಚಿನವರಿಗೆ ತಪ್ಪುತ್ತದೆ ಎಂಬುದು ನಿಜ. ಆದರೆ ಅದು ಗ್ಯಾರಂಟಿ ಅಲ್ಲ. ತೆಗೆದ ಮೇಲೆ ಬರುವ ವರದಿಯಲ್ಲಿ ಗಂಟು ಐದು ಸೆಂಟಿಮೀಟರ್ ದಾಟಿದ್ದರೆ, ನಾಲ್ಕು ಅಥವಾ ಹೆಚ್ಚು ಗ್ರಂಥಿಗಳಲ್ಲಿ ರೋಗ ಇದ್ದರೆ ಎದೆಗೋಡೆಗೆ ಕರೆಂಟ್ ಕೊಡುತ್ತಾರೆ. ಒಂದರಿಂದ ಮೂರು ಗ್ರಂಥಿಗಳಲ್ಲಿ ಇದ್ದರೂ ಕೊಡುವುದು ಉಂಟು. ಪೂರ್ತಿ ತೆಗೆಸಿದ ಮೇಲೂ ಕರೆಂಟಿಗೆ ಬರಬೇಕಾದ ಹೆಂಗಸಿನ ಮುಖ ನೋಡುವುದು ಕಷ್ಟ. ಯಾರಾದರೂ ಮೊದಲೇ ಹೇಳಿದ್ದರೆ ಅವಳು ಬೇರೆಯದನ್ನೇ ಆರಿಸುತ್ತಿದ್ದಳೋ ಏನೋ.

ಒಳ್ಳೆಯ ಅಂಶಗಳೂ ಇವೆ. ಎದೆಯೊಳಗೆ ಮತ್ತೆ ಬಂತೇ ಎಂಬ ವರ್ಷವರ್ಷದ ಮ್ಯಾಮೊಗ್ರಾಂ ಆತಂಕ ಆ ಬದಿಗೆ ಇರುವುದಿಲ್ಲ, ಇನ್ನೊಂದು ಬದಿಗೆ ಮಾತ್ರ ಮಾಡಿಸಬೇಕು. ಅಂಚಿಗೆಂದು ಎರಡನೇ ಆಪರೇಷನ್ ಬರುವುದು ಅಪರೂಪ. ಚೆನ್ನಾಗಿ ತಿಳಿದುಕೊಂಡು 'ನನಗಿದೇ ಇರಲಿ' ಎಂದ ಹೆಂಗಸರು ಆಮೇಲೆ ಕೊರಗಿದ್ದನ್ನು ನಾನು ಹೆಚ್ಚು ಕಾಣಲಿಲ್ಲ. ಕೊರಗಿದವರು ಬೇರೆಯವರ ತೀರ್ಮಾನಕ್ಕೆ ಮಲಗಿದವರು.

ಬಗಲು

ಹಾವೇರಿ ಜಿಲ್ಲೆಯ ಒಂದು ಕುಟುಂಬ ನೆನಪಾಗುತ್ತದೆ. ಹೆಂಗಸಿಗೆ ಇನ್ನೂ ಐವತ್ತಾಗಿರಲಿಲ್ಲ. ಒಳಗೆ ಸರ್ಜನ್ ಎದುರು ಕೂತವರು ಗಂಡ ಮತ್ತು ಮೈದುನ, ಅವಳು ಫೈಲು ಹಿಡಿದು ಹೊರಗೆ ಬೆಂಚಿನ ಮೇಲೆ. 'ಸಾಹೇಬ್ರ, ಎಲ್ಲಾ ತಗದಬಿಡ್ರಿ, ಮತ್ತ ತಿರಗ್ಯಾಡಾಕ ಆಗಂಗಿಲ್ಲ' ಎಂದು ಮೈದುನ ಮಾತು ಮುಗಿಸಿದ್ದ. ಸರ್ಜನ್ ಅವಳನ್ನು ಒಳಗೆ ಕರೆಸಿ, 'ಅವ್ವಾ, ನಿಂಗೇನು ಕೇಳೋದೈತಿ?' ಅಂದರು. ಅವಳು ಎದೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಬಲಗೈ ಎತ್ತಿ ತೋರಿಸಿ, 'ಮೆಣಸಿನಕಾಯಿ ಹರಿಯಾಕ ಈ ಕೈ ಬರತೈತೇನ್ರೀ?' ಅಂದಳು. ಆ ಕೊಠಡಿಯಲ್ಲಿ ಅಂದು ಕೇಳಿದ ಪ್ರಶ್ನೆಗಳಲ್ಲಿ ಅತಿ ಬುದ್ಧಿವಂತ ಪ್ರಶ್ನೆ ಅದು.

ಕೈ ಬರುತ್ತದೋ ಇಲ್ಲವೋ ಎಂಬುದನ್ನು ಎದೆಯ ಆಪರೇಷನ್ ಅಷ್ಟಾಗಿ ನಿರ್ಧರಿಸುವುದಿಲ್ಲ, ಬಗಲಿನದು ನಿರ್ಧರಿಸುತ್ತದೆ. ಅಲ್ಲಿರುವುದು ಎರಡು ದಾರಿ.

ಒಂದು, ಬಗಲನ್ನು ಪೂರ್ತಿ ಬಿಡಿಸುವುದು. ಗ್ರಂಥಿಗಳಿರುವ ಕೊಬ್ಬನ್ನು ಒಟ್ಟಿಗೆ ತೆಗೆಯುತ್ತಾರೆ, ಹತ್ತಕ್ಕೂ ಹೆಚ್ಚು ಗ್ರಂಥಿ ಹೋಗುತ್ತವೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಎಂಆರ್‌ಎಂ ಎಂದು ಬರೆದಿದ್ದರೆ ಎದೆಯ ಜೊತೆ ಇದೂ ಆಗಿದೆ ಎಂದು ಅರ್ಥ. ಕೈಯಿಂದ ಮೇಲಕ್ಕೆ ಹರಿಯುವ ದುಗ್ಧರಸದ ದಾರಿ ಕಟ್ಟಿಕೊಂಡು ಐವರಲ್ಲಿ ಒಬ್ಬರಿಗೆ ಕೈ ಬಾವು ಬರುತ್ತದೆ. ಬೇಗ ಹಿಡಿದರೆ ಕಟ್ಟು, ತೋಳಿನ ಪಟ್ಟಿ, ವ್ಯಾಯಾಮದಿಂದ ಹತೋಟಿಯಲ್ಲಿರುತ್ತದೆ, ಪೂರ್ತಿ ಹೋಗುವುದು ಕಷ್ಟ. ಬಗಲಿನಲ್ಲಿ ಹಾಯುವ ನರ ತುಂಡಾದರೆ ತೋಳಿನ ಒಳಬದಿ ಜೋಮು ಹಿಡಿಯುತ್ತದೆ.

ಎರಡು, ಸೆಂಟಿನಲ್ ಗ್ರಂಥಿಯ ಬಯಾಪ್ಸಿ. ಎದೆಗೆ ನೀಲಿ ಬಣ್ಣವನ್ನೋ ಅಲ್ಪ ವಿಕಿರಣದ ದ್ರವವನ್ನೋ ಚುಚ್ಚಿ, ಅದು ಬಗಲಿನ ಯಾವ ಗ್ರಂಥಿಗೆ ಮೊದಲು ತಲುಪುತ್ತದೆ ಎಂದು ನೋಡಿ, ಆ ಎರಡು ಮೂರು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುತ್ತಾರೆ. ರೋಗ ಬಗಲಿಗೆ ಹೋಗುವುದಾದರೆ ಮೊದಲು ಅಲ್ಲಿಗೇ ಹೋಗಿರಬೇಕು. ಅವು ಶುದ್ಧವಾಗಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ಕೈ ಬಾವಿನ ಸಾಧ್ಯತೆ ಇಪ್ಪತ್ತರಲ್ಲಿ ಒಬ್ಬರಿಗೆ ಇಳಿಯುತ್ತದೆ. ನೀಲಿ ಬಣ್ಣ ಹಾಕಿದ ಮರುದಿನ ಮೂತ್ರ ಹಸಿರು ನೀಲಿಯಾಗಿ ಹೋಗುತ್ತದೆ. ಹೇಳದೆ ಬಿಟ್ಟರೆ ರಾತ್ರಿ ಪಾಳಿಯ ನರ್ಸಿಗೆ ಕೆಲಸ ಜಾಸ್ತಿ!

ಸ್ಕ್ಯಾನಿಂಗಿನಲ್ಲಿ ಬಗಲು ಶುದ್ಧ ಕಂಡವರಿಗೆ ಎರಡನೆಯದೇ ಇಂದಿನ ಸರಿಯಾದ ಚಿಕಿತ್ಸೆ. ಬಣ್ಣ, ಉಪಕರಣ, ಅಭ್ಯಾಸ ಇಲ್ಲದ ಕಡೆ ಇನ್ನೂ ಎಲ್ಲರಿಗೂ ಪೂರ್ತಿ ಬಿಡಿಸುತ್ತಾರೆ. ನೀವು ಸರ್ಜನ್ ಎದುರು ಕೇಳಬೇಕಾದದ್ದು ಇಷ್ಟೇ: 'ನನ್ನ ಬಗಲಿನ ಸ್ಕ್ಯಾನಿಂಗ್ ಏನು ಹೇಳ್ತದ? ಸೆಂಟಿನಲ್ ಮಾಡಾಕ ಆಗ್ತದೇನ್ರೀ? ಇಲ್ಲಿ ಆಗದಿದ್ರ ಎಲ್ಲಿ ಆಗ್ತದ?' ಇದಕ್ಕಾಗಿ ಊರು ಬದಲಿಸಬೇಕಾಗಿ ಬಂದರೂ ಬದಲಿಸಬಹುದು ಎಂಬುದು ನನ್ನ ಅಭಿಪ್ರಾಯ. ಎದೆಯ ಆಕಾರಕ್ಕಾಗಿ ಬೆಂಗಳೂರಿಗೆ ಹೋಗುವುದಕ್ಕಿಂತ ಕೈಗಾಗಿ ಹೋಗುವುದರಲ್ಲಿ ಅರ್ಥ ಹೆಚ್ಚು.

ಸೆಂಟಿನಲ್ ಗ್ರಂಥಿಯಲ್ಲಿ ರೋಗ ಸಿಕ್ಕಿದರೂ ಬಗಲು ಬಿಡಿಸಲೇಬೇಕೆಂದಿಲ್ಲ. ಎದೆ ಉಳಿಸಿಕೊಂಡು ಕರೆಂಟ್ ಪಡೆಯುವವರಲ್ಲಿ ಒಂದೆರಡು ಗ್ರಂಥಿಯಲ್ಲಿ ಮಾತ್ರ ರೋಗ ಇದ್ದರೆ ಉಳಿದವನ್ನು ಹಾಗೇ ಬಿಟ್ಟರೂ ಆಯುಷ್ಯ ಕಡಿಮೆಯಾಗಲಿಲ್ಲ ಎಂದು ಅಮೆರಿಕದ ಝಡ್-11 ಅಧ್ಯಯನ ತೋರಿಸಿತು. ಅಂದರೆ ಎದೆ ಉಳಿಸಿಕೊಂಡವರಿಗೆ ಬಗಲನ್ನೂ ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಮನೆಯ ವಾದಗಳಲ್ಲಿ ಈ ಮಾತು ಬರುವುದೇ ಇಲ್ಲ. ಇನ್ನೂ ಮುಂದೆ ಹೋಗಿ, ಎರಡು ಸೆಂಟಿಮೀಟರಿನೊಳಗಿನ ಗಂಟು, ಸ್ಕ್ಯಾನಿಂಗಿನಲ್ಲಿ ಶುದ್ಧ ಬಗಲು ಇದ್ದವರಿಗೆ ಸೆಂಟಿನಲ್ ಪರೀಕ್ಷೆಯನ್ನೂ ಬಿಡಬಹುದೇ ಎಂದು ಮಿಲಾನಿನವರು ನಡೆಸಿದ ಸೌಂಡ್ ಅಧ್ಯಯನ 2023ರಲ್ಲಿ ಬಂದಿದೆ, ಬಿಟ್ಟವರಿಗೆ ನಷ್ಟ ಕಾಣಲಿಲ್ಲ. ನಮ್ಮ ಕಡೆ ಇದು ರೂಢಿಗೆ ಬರಲು ಒಳ್ಳೆಯ ಸ್ಕ್ಯಾನಿಂಗ್ ಬೇಕು.

ಬಗಲು ಯಾವ ರೀತಿ ಮುಟ್ಟಿದ್ದರೂ ಭುಜದ ವ್ಯಾಯಾಮ ತಪ್ಪಿಸಬೇಡಿ. ಗೋಡೆಗೆ ಮುಖ ಮಾಡಿ ನಿಂತು ಬೆರಳು ಮೇಲೆ ಮೇಲೆ ಹತ್ತಿಸುವುದು, ಕೂದಲು ಬಾಚಿಕೊಳ್ಳುವುದು, ಬೆನ್ನ ಹಿಂದೆ ಕುಪ್ಪಸದ ಗುಂಡಿಗೆ ಕೈ ಒಯ್ಯುವುದು. ಆ ಕೈಯಿಂದ ಏನನ್ನೂ ಎತ್ತಬೇಡ ಎಂದು ನಾವೇ ಹಿಂದೆ ಹೇಳುತ್ತಿದ್ದೆವು. ಈಗ ಆ ಸಲಹೆ ಬದಲಾಗಿದೆ. ನಿಧಾನವಾಗಿ ಭಾರ ಹೆಚ್ಚಿಸುತ್ತ ಹೋದರೆ ಕೈ ಬಾವು ಹೆಚ್ಚಾಗುವುದಿಲ್ಲ ಎಂದು ಗೊತ್ತಾಗಿದೆ. ಜೋಳದ ರೊಟ್ಟಿ ಬಡಿಯಬಹುದು, ಮೊದಲ ವಾರಗಳಲ್ಲಿ ಎರಡು, ಆಮೇಲೆ ನಾಲ್ಕು, ಹೀಗೆ. ಕಳೆ ತೆಗೆಯುವಾಗ, ಹತ್ತಿ ಬಿಡಿಸುವಾಗ ಗೀರು ಬೀಳದಂತೆ ಪೂರ್ಣ ತೋಳಿನ ಅಂಗಿ ಹಾಕಿಕೊಳ್ಳಿ. ಕೈ ಕೆಂಪಾಗಿ ಬಿಸಿಯಾದರೆ ಮನೆಮದ್ದು ಹಚ್ಚುತ್ತ ಕೂರಬೇಡಿ, ಅದು ಸೋಂಕು.

ಕಿಮೋ ಮೊದಲು

ಗಂಟು ಎದೆಗೆ ಹೋಲಿಸಿದರೆ ದೊಡ್ಡದಿದೆ, ಆದರೆ ಉಳಿಸಿಕೊಳ್ಳುವ ಆಸೆ ಇದೆ. ಅಥವಾ ಬಗಲಿನ ಗ್ರಂಥಿಯಲ್ಲಿ ರೋಗ ಇದೆ. ಅಥವಾ ಹರ್-2 ಪಾಸಿಟಿವ್, ಇಲ್ಲವೇ ಮೂರೂ ಪರೀಕ್ಷೆ ನೆಗೆಟಿವ್ ಬಂದ ಗಂಟು. ಇಂಥವರಿಗೆ ಹೆಚ್ಚಾಗಿ ಮೊದಲು ಕೆಲವು ತಿಂಗಳು ಕಿಮೋ ಕೊಟ್ಟು ಆಮೇಲೆ ಆಪರೇಷನ್ ಮಾಡುತ್ತಾರೆ. ಕೊನೆಯ ಎರಡು ಬಗೆಯ ಗಂಟುಗಳು ಎಷ್ಟೋ ಸಲ ಸಂಪೂರ್ಣ ಕರಗುತ್ತವೆ. ಆದ್ದರಿಂದಲೇ ಕಿಮೋ ಶುರುವಾಗುವ ಮುನ್ನ ಗಂಟಿನೊಳಗೆ ಸಣ್ಣ ಲೋಹದ ಕ್ಲಿಪ್ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ಗಂಟು ಮಾಯವಾದ ಮೇಲೆ ಎಲ್ಲಿತ್ತು ಎಂದು ಹುಡುಕುವುದು ಹೇಗೆ? ಕರಗಿತು ಎಂದು ಆಪರೇಷನ್ ಬಿಟ್ಟು ಊರಿಗೆ ಹೋದವರು ಇದ್ದಾರೆ. ಬಿಡಬೇಡಿ.

ಎದೆಯ ಮರುರಚನೆ, ಕೃತಕ ಎದೆ

ಬೆನ್ನಿನ ಅಥವಾ ಹೊಟ್ಟೆಯ ಮಾಂಸದಿಂದಲೋ ಸಿಲಿಕೋನ್ ಇಂಪ್ಲಾಂಟಿನಿಂದಲೋ ಎದೆಯ ಆಕಾರ ಮಾಡುತ್ತಾರೆ. ಅದೇ ದಿನ ಮಾಡಬಹುದು, ವರ್ಷದ ನಂತರವೂ ಮಾಡಬಹುದು. ಕರೆಂಟ್ ಬೇಕಾಗುವ ಸಾಧ್ಯತೆ ಇದ್ದರೆ ಇಂಪ್ಲಾಂಟ್ ಬಗ್ಗೆ ಎರಡು ಸಲ ಯೋಚಿಸಿ, ಕಿರಣ ಬಿದ್ದ ಮೇಲೆ ಸುತ್ತಲ ಪೊರೆ ಬಿಗಿದು ಗಟ್ಟಿಯಾಗುತ್ತದೆ. ಆಪರೇಷನ್ ಬೇಡ ಅನ್ನುವವರಿಗೆ ಹೊರಗಿನಿಂದ ಇಟ್ಟುಕೊಳ್ಳುವ ಸಿಲಿಕೋನ್ ಅಥವಾ ಅರಳೆಯ ಕೃತಕ ಎದೆ ಇದೆ. ಹೊಲಿಗೆಯವರಿಗೆ ಹೇಳಿ ಕುಪ್ಪಸದ ಒಳಗೆ ಕಿಸೆ ಹೊಲಿಸಿಕೊಂಡರೆ ಜಾರುವುದಿಲ್ಲ. ಒಂದೇ ಬದಿ ಭಾರವಾಗಿ ಭುಜ ಓರೆಯಾಗುವುದನ್ನೂ ಅದು ತಪ್ಪಿಸುತ್ತದೆ. ಅರಳೆಯದು ಹಗುರ, ಹಾಗಾಗಿ ಎದೆ ದೊಡ್ಡದಿರುವವರಿಗೆ ಸಿಲಿಕೋನ್ ವಾಸಿ.

'ಇನ್ನೊಂದನ್ನೂ ತೆಗೆಸಿಬಿಡಲೇ?' ಎಂದು ಕೇಳುವವರಿಗೆ: ವಂಶದಲ್ಲಿ ಬರುವ ಬಿಆರ್‌ಸಿಎ ಜೀನಿನ ದೋಷ ಇಲ್ಲದವರಿಗೆ ಅದರಿಂದ ಆಯುಷ್ಯ ಹೆಚ್ಚುವುದಿಲ್ಲ. ಚಿಕ್ಕ ವಯಸ್ಸಿನವರು, ಮೂರೂ ನೆಗೆಟಿವ್ ಬಂದವರು, ತಾಯಿ ಅಕ್ಕತಂಗಿಯರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದವರು ಮಾತ್ರ ಜೀನ್ ಪರೀಕ್ಷೆಯ ಬಗ್ಗೆ ಆಪರೇಷನ್ನಿಗೆ ಮೊದಲೇ ಕೇಳಬೇಕು.

ನಮ್ಮ ದೇಶದ್ದೇ ಒಂದು ಅಧ್ಯಯನವನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1,600 ಹೆಂಗಸರ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ್ದು. ಕತ್ತರಿಸುವ ಕೆಲವು ನಿಮಿಷ ಮೊದಲು ಗಂಟಿನ ಸುತ್ತ ಲಿಗ್ನೊಕೇನ್, ಅಂದರೆ ಹಲ್ಲು ಕೀಳುವಾಗ ಕೊಡುವ ಮರಗಟ್ಟಿಸುವ ಮದ್ದನ್ನೇ, ಚುಚ್ಚಿದರು. ಆರು ವರ್ಷದಲ್ಲಿ ಬದುಕುಳಿದವರು ಚುಚ್ಚಿದ ಗುಂಪಿನಲ್ಲಿ ಶೇ. 90, ಚುಚ್ಚದ ಗುಂಪಿನಲ್ಲಿ ಶೇ. 86. ಒಂದೇ ಅಧ್ಯಯನವಾದ್ದರಿಂದ ಎಲ್ಲ ಸರ್ಜನ್ನರೂ ಒಪ್ಪಿಲ್ಲ. ಬಹಳ ಅಗ್ಗದ ಮದ್ದು, ಕೇಳುವುದರಲ್ಲಿ ಕಳೆದುಕೊಳ್ಳುವುದೇನಿಲ್ಲ.

ಕಾರ್ಡು, ಬಸ್ಸು, ಇರಲು ಜಾಗ

ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ, ಗದಗ ಹಾವೇರಿಯವರು ಜಿಲ್ಲಾ ಆಸ್ಪತ್ರೆಯಲ್ಲೇ ಮಾಡಿಸಿಕೊಂಡು ಹೊರಟರೆ ಒಂದು ಓಡಾಟ ಉಳಿಯುತ್ತದೆ. ಆಪರೇಷನ್ ಒಂದು ಆಸ್ಪತ್ರೆಯಲ್ಲಿ, ಕರೆಂಟ್ ಇನ್ನೊಂದರಲ್ಲಿ ಎಂದಾದರೆ ಎರಡಕ್ಕೂ ಬೇರೆ ಬೇರೆ ಮಂಜೂರಾತಿ ಬೇಕು. ಇದನ್ನು ಆಪರೇಷನ್ನಿಗೆ ಮೊದಲೇ ಯೋಜನೆಯ ಕೌಂಟರಿನಲ್ಲಿ ಕೇಳಿ. ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ, ಹೆಸರು ಬದಲಾದರೂ ಜನ ಕಿಮ್ಸ್ ಎಂದೇ ಕರೆಯುವ ವಿದ್ಯಾನಗರದ ಸರ್ಕಾರಿ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಮೂರೂ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ದಾರಿಯಲ್ಲೇ ಇವೆ. ಎರಡನೇ ಅಭಿಪ್ರಾಯ ಕೇಳಲು ಊರು ಬಿಡಬೇಕಿಲ್ಲ.

ಕರೆಂಟಿಗೆ ಗದಗದಿಂದ ದಿನಾ ಬಂದು ಹೋಗುವವರಿದ್ದಾರೆ, ಅರವತ್ತು ಕಿಲೋಮೀಟರಿನ ಹತ್ತಿರ. ಹಾವೇರಿಯಿಂದ ಸ್ವಲ್ಪ ಹೆಚ್ಚು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ, ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಉಂಟು, ಆಸ್ಪತ್ರೆಯಿಂದ ನಮೂನೆ ತುಂಬಿಸಿಕೊಳ್ಳಬೇಕು. ರೋಣ, ಶಿರಹಟ್ಟಿ, ಹಿರೇಕೆರೂರಿನ ಹಳ್ಳಿಗಳವರಿಗೆ ಮಾತ್ರ ದಿನದ ಓಡಾಟ ಮೈಗೆ ಆಗುವುದಿಲ್ಲ. ಮೂರು ವಾರ ಹುಬ್ಬಳ್ಳಿಯಲ್ಲಿ ಯಾರ ಮನೆಯಲ್ಲಿ ಇರುತ್ತೀರಿ ಎಂಬುದು ಗೊತ್ತಾದ ಮೇಲೆ ಆಪರೇಷನ್ ಆರಿಸಿ.

ನನ್ನನ್ನು ಕೇಳಿದರೆ ಹೇಳುವುದು ಇದು. ಗಂಟು ಒಂದೇ ಇದ್ದು, ಎದೆಗೆ ಹೋಲಿಸಿದರೆ ಸಣ್ಣದಾಗಿದ್ದು, ಕರೆಂಟಿಗೆ ಬರುವುದು ಖಾತ್ರಿ ಇದ್ದರೆ ಎದೆಯನ್ನೂ ಬಗಲನ್ನೂ ಉಳಿಸಿಕೊಳ್ಳಿ. ಕರೆಂಟಿಗೆ ಬರುವುದು ಆಗದ ಮಾತು ಎಂದು ನಿಮಗೇ ಗೊತ್ತಿದ್ದರೆ ಎದೆ ಪೂರ್ತಿ ತೆಗೆಸಿ, ಆದರೆ ಬಗಲಿಗೆ ಸೆಂಟಿನಲ್ ಕೇಳಿ. ಗಂಟಷ್ಟೇ ತೆಗೆಸಿ ಕರೆಂಟಿಗೆ ನಾಲ್ಕು ದಿನ ಬಂದು ಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ಆಪರೇಷನ್ನಿನ ಹಿಂದಿನ ಸಂಜೆ ಒಪ್ಪಿಗೆ ಪತ್ರ ಬರುತ್ತದೆ. ಕನ್ನಡದ್ದೇ ಕೇಳಿ. ಎದೆಯ ಯಾವ ಭಾಗ, ಎಡವೋ ಬಲವೋ, ಬಗಲಿನಲ್ಲಿ ಏನು ಎಂಬ ಮೂರೂ ಅದರಲ್ಲಿ ಬರೆದಿರಬೇಕು. 'ಸೆಂಟಿನಲ್‌ನಲ್ಲಿ ರೋಗ ಸಿಕ್ಕರೆ ಬಗಲು ಬಿಡಿಸುವುದು' ಎಂಬ ಸಾಲಿದ್ದರೆ ಎಷ್ಟು ಗ್ರಂಥಿ ಸಿಕ್ಕರೆ ಎಂದು ಕೇಳಿ ಬರೆಸಿ. ಅರಿವಳಿಕೆಯಲ್ಲಿ ಮಲಗಿದ ಮೇಲೆ ಹೊರಗೆ ನಿಂತ ಗಂಡನನ್ನೋ ಮಗನನ್ನೋ ಕರೆದು ಕೇಳುತ್ತಾರೆ, ಅವರಿಗೆ ನಿಮ್ಮ ಉತ್ತರ ಮೊದಲೇ ತಿಳಿದಿರಲಿ. ಸಹಿ ಅಥವಾ ಹೆಬ್ಬೆಟ್ಟು ನಿಮ್ಮದೇ ಇರಬೇಕು, ಮೈದುನನದಲ್ಲ.